ಚಳಿಗೆ ಹಳೆಯ ಕಾರು ಏಕೆ ಮುನಿಯುತ್ತದೆ?

ಡಿಸೆಂಬರ್ ತಿಂಗಳ ನಸುಕಿನ ಹೊತ್ತು. ಜಮಖಂಡಿಯ ಹಳೆಯ ವಾಡೆಯ ಮುಂದೆಯೋ, ರಬಕವಿ-ಬನಹಟ್ಟಿಯ ಮಗ್ಗದ ಮನೆಯ ಅಂಗಳದಲ್ಲಿಯೋ ಪೆಟ್ರೋಲ್ ಅಂಬಾಸಿಡರ್ ಅಥವಾ ಪದ್ಮಿನಿ ಕಾರೊಂದು ನಿಂತಿದೆ ಎಂದುಕೊಳ್ಳಿ. ಮದುವೆಗೆ ಹೊರಡುವ ಅವಸರ. ಸೆಲ್ಫ್ ಹೊಡೆದಷ್ಟೂ ಎಂಜಿನ್ ನರಳುತ್ತದೆಯೇ ಹೊರತು ಚಾಲೂ ಆಗದು. ‘ಥಂಡಿ ಭಾಳ ಐತಿ, ಗಾಡಿ ಹಿಡಿಯವಲ್ದು’ ಎಂದು ಮನೆಯ ಹಿರಿಯರು ತೀರ್ಪು ಕೊಡುತ್ತಾರೆ. ನಾಲ್ಕು ಜನ ಸೇರಿ ದೂಡುತ್ತಾರೆ. ಮರುದಿನ ಪ್ಲಗ್, ಕಾಯಿಲ್, ಬ್ಯಾಟರಿ ಎಲ್ಲವನ್ನೂ ಒಮ್ಮೆಲೇ ಬದಲಿಸಿ ಸಾವಿರಾರು ರೂಪಾಯಿ ಸುರಿಯುತ್ತಾರೆ. ಕಾರು ಚಾಲೂ ಆದರೂ ಯಾವುದು ಕೆಟ್ಟಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ನಿಜವಾಗಿಯೂ ತಪ್ಪು ಚಳಿಯದೇ? ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಆ ದೇಶಗಳಲ್ಲಿ ಇವು ದಿನವೂ ಚಾಲೂ ಆಗುತ್ತಿದ್ದವು. ನಮ್ಮ ಕೃಷ್ಣಾ ತೀರದ ಊರುಗಳಲ್ಲಿ ಚಳಿಗಾಲದ ನಸುಕಿನ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಇಷ್ಟು ಚಳಿಗೆ ಆರೋಗ್ಯವಂತ ಎಂಜಿನ್ ಮುನಿಯಬಾರದು. ಮೊದಲೇ ಎಲ್ಲೋ ಅಡಗಿದ್ದ ದೋಷವನ್ನು ಚಳಿ ಹೊರಗೆ ಹಾಕುತ್ತದೆ, ಅಷ್ಟೆ.

ಉರಿಯುವುದು ಆವಿ ಮಾತ್ರ

ಎಂಜಿನ್ ಚಾಲೂ ಆಗಲು ಮೂರು ಸಂಗತಿಗಳು ಬೇಕು. ಗಾಳಿ ಮತ್ತು ಪೆಟ್ರೋಲಿನ ಸರಿಯಾದ ಮಿಶ್ರಣ, ಅದನ್ನು ಅದುಮುವ ಒತ್ತಡ, ಸರಿಯಾದ ಹೊತ್ತಿಗೆ ಒಂದು ಕಿಡಿ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಆದರೆ ದ್ರವರೂಪದ ಪೆಟ್ರೋಲ್ ಉರಿಯುವುದಿಲ್ಲ. ಅದರ ಆವಿ ಉರಿಯುತ್ತದೆ. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲಿನ ಸ್ವಲ್ಪ ಭಾಗ ಮಾತ್ರ ಆವಿಯಾಗುತ್ತದೆ, ಉಳಿದದ್ದು ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಈ ಕೊರತೆಯನ್ನು ತುಂಬಲೆಂದೇ ಚೋಕ್ ಇದೆ. ಚೋಕ್ ಎಳೆದಾಗ ಗಾಳಿಗೆ ಹೋಲಿಸಿದರೆ ಪೆಟ್ರೋಲಿನ ಪ್ರಮಾಣ ಹೆಚ್ಚುತ್ತದೆ. ಅದರ ತಂತಿ ಸಡಿಲವಾಗಿದ್ದರೆ ಗುಂಡಿ ಎಳೆದೂ ಪ್ರಯೋಜನವಿಲ್ಲ.

ಇತ್ತ ಎಂಜಿನ್ ಆಯಿಲ್‌ಗೂ ಚಳಿಯ ಪರಿಣಾಮ ಉಂಟು. ಮಹಾಲಿಂಗಪುರದ ಸುತ್ತಲಿನ ಬೆಲ್ಲದ ಗಾಣಗಳಲ್ಲಿ ಬಿಸಿ ಪಾಕ ನೀರಿನಂತೆ ಹರಿಯುತ್ತದೆ, ಆರಿದಂತೆ ಮಂದವಾಗುತ್ತದೆ. ಆಯಿಲ್ ಕೂಡ ಹಾಗೆಯೇ. ಅದನ್ನು ಕದಡಿ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕು. ಅದೇ ಹೊತ್ತಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ!

ಪತ್ತೆ ಮಾಡುವ ಕ್ರಮ

ಮೊದಲು ಬ್ಯಾಟರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಇದು ಇಳಿಯುವುದು ಸಹಜ. ಸುಮಾರು 9.5 ವೋಲ್ಟಿಗಿಂತ ಕೆಳಗೆ ಕುಸಿದರೆ ಕಾಯಿಲ್‌ಗೆ ಸಾಕಷ್ಟು ವಿದ್ಯುತ್ ಸಿಗದೆ ಕಿಡಿಯೂ ಸೊರಗುತ್ತದೆ. ಬ್ಯಾಟರಿಯಲ್ಲೇ ವೋಲ್ಟೇಜ್ ಸರಿಯಿದ್ದು ಸೆಲ್ಫ್ ಮಾತ್ರ ನಿಧಾನವಾಗಿ ತಿರುಗಿದರೆ ಟರ್ಮಿನಲ್‌ಗಳ ಬಿಳಿ ಕಿಲುಬನ್ನೂ ಅರ್ತ್ ತಂತಿಯನ್ನೂ ನೋಡಬೇಕು. ಹಲವು ಬಾರಿ ಹೊಸ ಬ್ಯಾಟರಿಯ ಬದಲು ಒಂದು ಉಪ್ಪುಕಾಗದದ ತುಂಡು ಸಾಕಾಗುತ್ತದೆ.

ಎಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯದಿದ್ದರೆ ಪ್ಲಗ್ ಬಿಚ್ಚಿ ನೋಡಬೇಕು. ಅದು ಒಣಗಿದೆಯೇ, ಒದ್ದೆಯಾಗಿದೆಯೇ? ಈ ಒಂದು ಪ್ರಶ್ನೆ ಅರ್ಧ ದಾರಿ ತೋರಿಸುತ್ತದೆ. ಒಣಗಿದ್ದರೆ ಪೆಟ್ರೋಲ್ ತಲುಪಿಲ್ಲ. ಕೆಲವು ದಿನ ನಿಂತ ಕಾರಿನಲ್ಲಿ ಕಾರ್ಬೋರೇಟರ್‌ನ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಪಂಪ್ ಅದನ್ನು ಮತ್ತೆ ತುಂಬಬೇಕು. ಪಂಪಿನ ಹಾಳೆ ಹರಿದಿರಬಹುದು, ಪೈಪಿನ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿರಬಹುದು. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಸಾಲದು ಅಥವಾ ಚೋಕ್ ಅತಿಯಾಗಿದೆ. ಆಗ ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್, ಕಂಡೆನ್ಸರ್, ವೈರುಗಳ ಸರದಿ. ಇವೆಲ್ಲ ಸರಿಯಿದ್ದರೆ ಮಾತ್ರ ಸಿಲಿಂಡರಿನ ಒತ್ತಡ ಅಳೆಯಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲಿತಾಂಶ ನೋಡುವುದು ಇಲ್ಲಿನ ನಿಯಮ. ಶಾಲೆಯ ಪ್ರಯೋಗಾಲಯದಲ್ಲಿ ಹೇಳಿಕೊಡುವುದೂ ಇದನ್ನೇ.

ಎಚ್ಚರಿಕೆಯೂ ಬೇಕು. ಕಿಡಿಯ ವೋಲ್ಟೇಜ್ ಸಾವಿರಾರು ಇರುವುದರಿಂದ ಮಕ್ಕಳು ಅದನ್ನು ಮುಟ್ಟಬಾರದು. ಕಾರ್ಬೋರೇಟರ್‌ಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದು ಬೆಂಕಿಗೆ ಆಹ್ವಾನ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಪ್ರಾಣ ತೆಗೆಯಬಲ್ಲದು.

ಟ್ಯಾಂಕಿನಲ್ಲಿ ಕಬ್ಬು

ಈಗ ಹೊಸದೊಂದು ಸಂಗತಿ ಸೇರಿಕೊಂಡಿದೆ. ಮುಧೋಳ, ಬೀಳಗಿ ಭಾಗದ ಹೊಲಗಳಲ್ಲಿ ಬೆಳೆಯುವ ಕಬ್ಬು ಸಕ್ಕರೆಯಾಗುವುದಷ್ಟೇ ಅಲ್ಲ, ಎಥೆನಾಲ್ ಕೂಡ ಆಗುತ್ತದೆ. ಮಹಾಲಿಂಗಪುರದ ಬಳಿಯ ಸಮೀರವಾಡಿಯ ಕಾರ್ಖಾನೆ ಇದಕ್ಕೆ ಹೆಸರಾದುದು. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಒಂದೇ ತೂಕದ ಪೆಟ್ರೋಲಿಗಿಂತ ಎಥೆನಾಲ್ ಆವಿಯಾಗಲು ಸುಮಾರು ಎರಡೂವರೆ ಪಟ್ಟು ಶಾಖ ಬೇಕು. ಆದರೆ ಉಳಿದ ಶೇ. 80ರಲ್ಲಿ ಬೇಗ ಆವಿಯಾಗುವ ಅಂಶಗಳು ಇರುವುದರಿಂದ ನಮ್ಮ ಚಳಿಗೆ ಇದೊಂದೇ ಕಾರಣವಾಗಲಾರದು. ಹಳೆಯ ಕಾರಿಗೆ ಹೆಚ್ಚಿನ ತೊಂದರೆ ಬೇರೆಡೆ ಇದೆ. ಎಥೆನಾಲ್‌ಗೆ ಹೊಂದದ ಹಳೆಯ ರಬ್ಬರ್ ಪೈಪು, ಪಂಪಿನ ಹಾಳೆಗಳು ಉಬ್ಬಿ ಬಿರಿಯುತ್ತವೆ. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪು ಬದಲಿಸಿ, ವಾರಕ್ಕೊಮ್ಮೆ ಕಾರನ್ನು ನಾಲ್ಕಾರು ಮೈಲಿ ಓಡಿಸುವುದೇ ಇದಕ್ಕೆ ಮದ್ದು.

ಮನೆಯಲ್ಲಿ ಮಾಡಿ ನೋಡಿ

ಒಂದು ಕೈಯ ಹಿಂಭಾಗಕ್ಕೆ ಎರಡು ಹನಿ ನೀರು, ಇನ್ನೊಂದಕ್ಕೆ ಎರಡು ಹನಿ ಸ್ಯಾನಿಟೈಸರ್ ಹಚ್ಚಿ ಊದಿರಿ. ಹತ್ತಿರ ಒಲೆ, ದೀಪ ಇರದಿರಲಿ. ಯಾವ ಕೈ ಮೊದಲು ತಣ್ಣಗಾಯಿತು? ಆವಿಯಾಗಲು ಬೇಕಾದ ಶಾಖವನ್ನು ದ್ರವ ಎಲ್ಲಿಂದ ಪಡೆಯಿತು? ಉತ್ತರ ಹೊಳೆದರೆ, ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಏಕೆ ತಿಣುಕುತ್ತದೆ ಎಂಬುದನ್ನು ಮನೆಯ ಹಿರಿಯರಿಗೆ ನೀವೇ ವಿವರಿಸಬಹುದು.