ತಿಳಿನೀರೆಲ್ಲ ಶುದ್ಧನೀರಲ್ಲ

ಕಾಸರಗೋಡಿನ ಕನ್ನಡ ಮನೆಗಳಿಗೆ ತಮ್ಮ ನೀರಿನ ಬಗ್ಗೆ ಒಂದು ಅಭಿಮಾನವಿದೆ. ಮುರಕಲ್ಲನ್ನು ಕಡಿದು ತೋಡಿದ ಬಾವಿಗಳೂ ಗುಡ್ಡದ ಒಡಲಿನಿಂದ ನೀರು ತರುವ ಸುರಂಗಗಳೂ ಇಲ್ಲಿ ಹಲವು ತಲೆಮಾರುಗಳನ್ನು ಸಾಕಿವೆ. ತಳ ಕಾಣುವಷ್ಟು ತಿಳಿಯಾದ ನೀರಿನಲ್ಲಿ ದೋಷವಿದೆಯೆಂದರೆ ಹಿರಿಯರು ಒಪ್ಪಲಾರರು. ಆದರೆ ರೋಗ ತರುವ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ, ನಾಲಗೆಗೆ ತಿಳಿಯುವುದಿಲ್ಲ.

ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500 (2012) ಈ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ. 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಕಂಡುಬರಲೇಬಾರದು. ಮನುಷ್ಯರ ಮತ್ತು ಜಾನುವಾರುಗಳ ಕರುಳಿನಲ್ಲಿ ವಾಸಿಸುವ ಈ ಜೀವಿಯ ಹೆಚ್ಚಿನ ಬಗೆಗಳು ನಿರಪಾಯಕಾರಿ. ಆದರೂ ಅದು ನೀರಿನಲ್ಲಿ ಸಿಕ್ಕಿತೆಂದರೆ ಅಲ್ಲಿಗೆ ಮಲ ಸೇರಿದೆಯೆಂದೇ ಅರ್ಥ. ಮಲ ಬಂದ ದಾರಿಯಲ್ಲಿ ಟೈಫಾಯ್ಡ್, ಕಾಲರಾ, ಕಾಮಾಲೆಗಳ ರೋಗಾಣುಗಳೂ ಬರಬಲ್ಲವು.

ಕೇರಳದ ಪಂಚಾಯತ್ ಕಟ್ಟಡ ನಿಯಮಗಳ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರಿನೊಳಗೆ ಶೌಚದ ಗುಂಡಿ ಇರಕೂಡದು. ಆದರೆ ಮುರಕಲ್ಲಿನ ರಂಧ್ರಗಳಲ್ಲಿ ನೀರು ಬೇಗನೆ ಹರಿಯುತ್ತದೆ, ಆಟಿಯ ಮಳೆಗೆ ನೆಲದೊಳಗಿನ ಜಲಮಟ್ಟ ಗುಂಡಿಯ ಬುಡಕ್ಕೇ ಏರುತ್ತದೆ. ಗುಂಡಿಯು ಬಾವಿಗಿಂತ ಎತ್ತರದಲ್ಲಿದ್ದರೆ ನಿಯಮದ ಅಂತರವೊಂದೇ ಸಾಲದು.

ನಲ್ಲಿಯ ನೀರು ಶುದ್ಧೀಕರಿಸಿದ್ದೆಂಬ ಕಾರಣಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ಸರಬರಾಜು ನಿಂತು ಕೊಳವೆಯಲ್ಲಿ ಒತ್ತಡ ಕುಸಿದಾಗ ಬಿರುಕುಗಳ ಮೂಲಕ ಸುತ್ತಲಿನ ಕೊಳಕು ಒಳಸೇರುತ್ತದೆ. ಅದನ್ನು ಎದುರಿಸಲೆಂದೇ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಮಾನಕವು ಹೇಳುತ್ತದೆ.

ಕೆನಡಾದ ವಾಕರ್ಟನ್ ಎಂಬ ಸಣ್ಣ ಪಟ್ಟಣದಲ್ಲಿ 2000ದ ಮೇ ತಿಂಗಳಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಭಾರಿ ಮಳೆಗೆ ಹೊಲದ ಸೆಗಣಿಗೊಬ್ಬರದ ಬ್ಯಾಕ್ಟೀರಿಯಾ ಊರಿನ ಕೊಳವೆಬಾವಿಯನ್ನು ಸೇರಿತು. ಕ್ಲೋರಿನ್ ಸಾಲದಾಗಿತ್ತು, ಅದರ ಪ್ರಮಾಣವನ್ನು ಅಳೆಯದೆಯೇ ದಾಖಲೆಯಲ್ಲಿ ಸುಳ್ಳು ಅಂಕಿಗಳನ್ನು ಬರೆಯುವ ರೂಢಿಯೂ ಅಲ್ಲಿತ್ತು. ಪ್ರಯೋಗಾಲಯದ ಪ್ರತಿಕೂಲ ವರದಿ ಆರೋಗ್ಯಾಧಿಕಾರಿಗೆ ಸಕಾಲದಲ್ಲಿ ತಲಪಲಿಲ್ಲ. ಏಳು ಮಂದಿ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ನ್ಯಾಯಮೂರ್ತಿ ಡೆನ್ನಿಸ್ ಓಕಾನರ್ ಅವರ ವಿಚಾರಣೆಯಲ್ಲಿ ಇವೆಲ್ಲ ಬಯಲಾದವು. ನೀರು ಕುಡಿಯುವವರಿಗೆ ತಿಳಿಯದ ವರದಿಯು ಯಾರನ್ನೂ ಕಾಪಾಡಲಾರದು.

ಮನೆಯ ಬಾವಿಗೆ ಪರಿಹಾರ ಸುಲಭವಿದೆ. ಸಾಮಾನ್ಯ ಪ್ರಮಾಣವೆಂದರೆ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ಅದಕ್ಕೆ 24 ಗ್ರಾಂ ಸಾಕು. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಚೆನ್ನಾಗಿ ಕಲಕಬೇಕು. ಒಂದು ಗಂಟೆಯಾದರೂ ನೀರು ಸೇದಬಾರದು. ರಾತ್ರಿ ಹಾಕಿ ಬೆಳಗ್ಗೆ ಬಳಸುವುದು ಇನ್ನೂ ಒಳ್ಳೆಯದು. ಹಳೆಯ, ತೆರೆದಿಟ್ಟ ಪುಡಿಗೆ ಸತ್ತ್ವವಿರುವುದಿಲ್ಲ. ಕುಡಿಯುವ ನೀರನ್ನು ಕುದಿಸುವ ಮನೆಗಳಲ್ಲೂ ಒಂದು ತಪ್ಪು ನಡೆಯುತ್ತದೆ: ಬೇಗ ಆರಲೆಂದು ಅದಕ್ಕೆ ಕೊಡಪಾನದ ತಣ್ಣೀರನ್ನು ಬೆರೆಸುವುದು. ಕುದಿಸಿದ ಶ್ರಮವೆಲ್ಲ ಅಲ್ಲಿಗೆ ವ್ಯರ್ಥ.

ಶಾಲೆಯ ನೀರಿನ ಪ್ರಶ್ನೆ ಹಕ್ಕಿನದು. ಮಾಲಿನ್ಯರಹಿತ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು 350ನೇ ವಿಧಿ ಕೊಡುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಒದಗಿಸಿತು.

ಆದುದರಿಂದ ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಹೆತ್ತವರು ಮೂರು ಪ್ರಶ್ನೆಗಳನ್ನು ಕೇಳಲಿ. ಶಾಲೆಯ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ವರದಿಯಲ್ಲಿ ಇ. ಕೋಲೈಯ ಸಾಲಿನಲ್ಲಿ ಏನು ಬರೆದಿದೆ? ಆ ವರದಿಯ ಕನ್ನಡ ಪ್ರತಿ ಸೂಚನಾ ಫಲಕದಲ್ಲಿ ಏಕಿಲ್ಲ? ಉತ್ತರ ಸಿಗದಿದ್ದರೆ ಪಂಚಾಯತಿಗೆ ಕನ್ನಡದಲ್ಲೇ ಮನವಿ ಬರೆದು, ಸ್ವೀಕೃತಿ ಪಡೆದು, ಪ್ರತಿಯನ್ನು ಕಾದಿಡಲಿ. ಮಳೆಗಾಲ ಕಾಲಿಡುವ ಮೊದಲೇ ಈ ಕೆಲಸ ಆಗಬೇಕು.