ಜಫರನ ಗಜಲು, ಕಂಪನಿಯ ಖಾತೆ

ಗಜಲ್ ಗೋಷ್ಠಿಯಲ್ಲಿ ಬಹದ್ದೂರ್ ಶಾ ಜಫರನ ಹೆಸರು ಬಂದ ಕೂಡಲೇ ಸಭೆ ಒಮ್ಮೆ ನಿಟ್ಟುಸಿರು ಬಿಡುತ್ತದೆ. ರಾಜ್ಯ ಕಳೆದುಕೊಂಡ ಮುದುಕ, ರಂಗೂನಿನ ಸೆರೆ, ಪರದೇಶದ ಮಣ್ಣು. ಓದುವ ದಿನಗಳಲ್ಲಿ ನಾನೂ ಹೀಗೆ ಮರುಗಿದವನೇ. ಈಗ ಆ ಮರುಕ ಕಂಡರೇ ಸಿಟ್ಟು ಬರುತ್ತದೆ. ರಂಗೂನಿನಲ್ಲಿ ಬರೆದದ್ದೆಂದು ನಾವು ಹಾಡುವ ಗಜಲುಗಳು ಅವನವೇ ಹೌದೋ ಅಲ್ಲವೋ ಎಂದು ವಿದ್ವಾಂಸರಲ್ಲೇ ತಕರಾರಿದೆ, ಅದು ಹಾಗಿರಲಿ. ನಿಟ್ಟುಸಿರಿನಲ್ಲಿ ಮುಚ್ಚಿಹೋಗುವ ಲೆಕ್ಕದ ಪುಸ್ತಕದ ಬಗ್ಗೆ ನನ್ನ ಜಗಳ.

ಆ ಪುಸ್ತಕ ಶುರುವಾಗುವುದು 1765ರಲ್ಲಿ. ಬಕ್ಸಾರಿನ ಸೋಲಿನ ಮರುವರ್ಷ ಎರಡನೇ ಶಾ ಆಲಂ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು, ಅಂದರೆ ಕಂದಾಯ ಎತ್ತುವ ಹಕ್ಕನ್ನು, ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ. ಬದಲಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಕೊಡುವುದಾಗಿ ಕಂಪನಿ ಒಪ್ಪಿತು. ಐದೇ ವರ್ಷಕ್ಕೆ ಬಂಗಾಳದಲ್ಲಿ ಘೋರ ಬರ. ಲಕ್ಷಾಂತರ ಜನ ಸತ್ತರೂ ಕಂದಾಯದ ವಸೂಲಿ ನಿಲ್ಲಲಿಲ್ಲ. ಬಾದಶಹ ಮರಾಠರ ಆಸರೆಯಲ್ಲಿ ದೆಹಲಿಗೆ ಮರಳಿದ್ದನ್ನೇ ನೆಪ ಮಾಡಿ ವಾರನ್ ಹೇಸ್ಟಿಂಗ್ಸ್ ಆ 26 ಲಕ್ಷವನ್ನೂ ನಿಲ್ಲಿಸಿದ. ದಿವಾನಿಯನ್ನು ಮಾತ್ರ ಹಿಂದಿರುಗಿಸಲಿಲ್ಲ! ಸಾಲಗಾರನೇ ಮನೆಯ ಯಜಮಾನನಾದ ಕಥೆ ಇದು. ಇದರ ಮೇಲೆ ಯಾರೂ ಗಜಲು ಬರೆದಂತಿಲ್ಲ.

ಮುಂದೆ 1788ರಲ್ಲಿ ಗುಲಾಂ ಖಾದಿರ್ ಶಾ ಆಲಮನ ಕಣ್ಣು ಕೀಳಿಸಿದ. 1803ರಲ್ಲಿ ಕಂಪನಿಯ ಸೈನ್ಯ ದೆಹಲಿ ಹಿಡಿಯಿತು. ಕಪ್ಪ ಪಡೆಯಬೇಕಿದ್ದವನು ಪಿಂಚಣಿದಾರನಾದ. ಅವನ ಮಗ ಎರಡನೇ ಅಕ್ಬರ್ ಆ ಪಿಂಚಣಿ ಹೆಚ್ಚಿಸಿರೆಂದು ಕೇಳಲು ರಾಮಮೋಹನ ರಾಯರಿಗೆ ‘ರಾಜಾ’ ಬಿರುದು ಕೊಟ್ಟು ಇಂಗ್ಲೆಂಡಿಗೇ ಕಳಿಸಿದ. ಪಠ್ಯಪುಸ್ತಕದಲ್ಲಿ ‘ರಾಜಾ’ ಉಳಿದಿದೆ, ಅರ್ಜಿ ಮಾಯವಾಗಿದೆ.

ನಾಣ್ಯದ ಸಂಗತಿ ಇನ್ನೂ ವಿಚಿತ್ರ. ಶಾ ಆಲಂ 1806ರಲ್ಲಿ ತೀರಿಕೊಂಡ. ಆದರೆ ಕಂಪನಿ 1835ರವರೆಗೂ ಸತ್ತವನ ಹೆಸರಿನಲ್ಲೇ ರೂಪಾಯಿ ಟಂಕಿಸುತ್ತಿತ್ತು. ಸಂತೆಯಲ್ಲಿ ಆ ಹೆಸರು ನಡೆಯುತ್ತಿದ್ದಷ್ಟು ದಿನ ಬಾದಶಹ ಬೇಕಾಗಿದ್ದ.

ಇಷ್ಟಾದ ಮೇಲೂ ‘ಮೊಗಲರು ವಿಲಾಸದಲ್ಲಿ ಮುಳುಗಿ ಕೆಟ್ಟರು’ ಎಂದು ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಅವರು ಮುಗ್ಧರೆಂದು ನಾನು ಹೇಳುತ್ತಿಲ್ಲ. ರೈತರ ಬೆವರನ್ನು ಒಂದು ಸಹಿಯಲ್ಲಿ ಪರರಿಗೆ ದಾಟಿಸಿದವನು ಬಾದಶಹನೇ. 1857ರ ಮೇ ತಿಂಗಳಲ್ಲಿ ಕೋಟೆಯೊಳಗೆ ಸೆರೆಯಲ್ಲಿದ್ದ ಯುರೋಪಿಯನ್ ಹೆಂಗಸರು, ಮಕ್ಕಳು ಕೊಲೆಯಾದಾಗ ಜಫರನಿಗೆ ಅದನ್ನು ತಡೆಯಲಾಗಲಿಲ್ಲ. ಆದರೆ ಆಗಲೇ ಸೊರಗಿದ್ದ ಮನೆಯ ಬೀಗದ ಕೈ ಯಾರ ಸೊಂಟದಲ್ಲಿತ್ತು ಎಂದು ಕೇಳದೆ ಮನೆಯವರನ್ನಷ್ಟೇ ಬೈಯುವುದು ಎಂಥ ಚರಿತ್ರೆ?

1858ರ ಜನವರಿಯಲ್ಲಿ ಕೆಂಪುಕೋಟೆಯ ದಿವಾನ್-ಎ-ಖಾಸ್‌ನಲ್ಲೇ ಜಫರನ ವಿಚಾರಣೆ ನಡೆಯಿತು. ಬ್ರಿಟಿಷ್ ಸರ್ಕಾರದ ಪ್ರಜೆಯಾಗಿದ್ದೂ ದ್ರೋಹ ಬಗೆದ ಎಂಬುದು ಆರೋಪ. ಅವನು ಪ್ರಜೆಯಾದದ್ದು ಯಾವತ್ತು? ದಿವಾನಿಯ ಸನದಿನಲ್ಲಿ ಕಂಪನಿಯೇ ಅವನ ಅಜ್ಜನ ದಿವಾನ. ದಂಗೆ ಎದ್ದದ್ದು ಕಂಪನಿಯೇ ಎಂದು 1922ರಲ್ಲಿ ವಾದಿಸಿದವನೂ ಒಬ್ಬ ಇಂಗ್ಲಿಷ್ ಇತಿಹಾಸಕಾರ, ಎಫ್. ಡಬ್ಲ್ಯು. ಬಕ್ಲರ್. ನಮ್ಮ ಗೋಷ್ಠಿಗಳಲ್ಲಿ ಅವನ ಹೆಸರು ನಾನು ಒಮ್ಮೆಯೂ ಕೇಳಿಲ್ಲ.

ಮುಂದಿನ ಸಲ ಯಾರಾದರೂ ಜಫರನನ್ನು ಹಾಡಿದರೆ ವಾಹ್ ಅನ್ನಿ, ಬೇಡವೆನ್ನಲಾರೆ. ಹಾಡು ಮುಗಿದ ಮೇಲೆ ಆ 26 ಲಕ್ಷ ಏನಾಯಿತು ಅಂತಲೂ ಕೇಳಿ.