ಛಾಯಾಗ್ರಾಹಕರ ಹಾರೈಕೆಯೂ ಛಾಯಾಚಿತ್ರದ ಸಾಕ್ಷ್ಯವೂ

ಸಂಗೀತಗಾರರು ಕಲೆತಲ್ಲಿ ರಾಗದ ಮಾತು ನಡೆಯುವುದು. ವೈಯಾಕರಣರು ಕಲೆತಲ್ಲಿ ಶಬ್ದದ ಮಾತು ನಡೆಯುವುದು. ಛಾಯಾಗ್ರಾಹಕರು ಕಲೆತಲ್ಲಿ ಮಾತ್ರ ಚಿತ್ರದ ಮಾತು ಬಹುಬೇಗನೆ ಮುಗಿದು ಯಂತ್ರದ ಮಾತು ಮೊದಲಾಗುವುದು. ಅದೂ ಕೈಯಲ್ಲಿರುವ ಯಂತ್ರದ ಮಾತಲ್ಲ, ಮುಂದಿನ ವರ್ಷ ಬರಬಹುದಾದ ಯಂತ್ರದ ಮಾತು. ಅದರಲ್ಲಿ ಇನ್ನೂ ಹೆಚ್ಚಿನ ಮೆಗಾಪಿಕ್ಸೆಲ್ ಇರಬೇಕು. ಅದು ಕತ್ತಲೆಯಲ್ಲಿಯೂ ಹಗಲಿನಂತೆ ಕಾಣಬೇಕು. ಹಾರುವ ಹಕ್ಕಿಯ ಕಣ್ಣಿನಿಂದ ಫೋಕಸ್ ಒಂದು ಕೂದಲೆಳೆಯಷ್ಟೂ ಜಾರಬಾರದು. ಲೆನ್ಸು ಉದ್ದವಾಗಿರಬೇಕು, ಹೊರೆ ಮಾತ್ರ ಇರಬಾರದು. ಕೊನೆಗೆ, ಚಿತ್ರದಲ್ಲಿ ಬೇಡವಾದುದನ್ನು ಯಂತ್ರವೇ ಅಳಿಸಿ, ಬೇಕಾದುದನ್ನು ಯಂತ್ರವೇ ತುಂಬಿಕೊಡಬೇಕು. ಹಾರೈಕೆಗಳ ಈ ಮಾಲೆ ವರ್ಷವರ್ಷಕ್ಕೂ ಉದ್ದವಾಗುತ್ತಿರುವುದು. ಇವುಗಳಲ್ಲಿ ಯಾವುದು ಯುಕ್ತ, ಯಾವುದು ಅಯುಕ್ತ ಎಂಬ ವಿಚಾರಕ್ಕೆ ಮಾತ್ರ ಯಾರಿಗೂ ಬಿಡುವಿದ್ದಂತೆ ತೋರುವುದಿಲ್ಲ.

ಹಾರೈಸುವುದೇ ದೋಷವೆಂದು ಹೇಳತಕ್ಕದ್ದಲ್ಲ. ಛಾಯಾಚಿತ್ರವಿದ್ಯೆಯ ಚರಿತ್ರೆಯೆಲ್ಲವೂ ಹಾರೈಕೆಗಳು ಒಂದೊಂದಾಗಿ ಫಲಿಸಿದ ಚರಿತ್ರೆಯೇ ಆಗಿದೆ. 1827ರ ಸುಮಾರಿಗೆ ಫ್ರಾನ್ಸಿನ ನಿಯೆಪ್ಸ್ ಎಂಬಾತನು ತನ್ನ ಮನೆಯ ಕಿಟಕಿಯ ಹೊರಗಣ ನೋಟವನ್ನು ಲೋಹದ ತಗಡಿನ ಮೇಲೆ ಹಿಡಿದಾಗ ಬೆಳಕು ಗಂಟೆಗಟ್ಟಲೆ ಬೀಳಬೇಕಾಗಿತ್ತು. 1839ರಲ್ಲಿ ಡಾಗೇರನ ವಿಧಾನವು ಪ್ರಕಟವಾದಾಗ ಆ ಗಂಟೆಗಳು ಮಿನಿಟುಗಳಾಗಿದ್ದುವು. 1871ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಡಾಕ್ಸನು ಜೆಲಟಿನ್ ಲೇಪದ ಒಣ ಫಲಕವನ್ನು ಸೂಚಿಸಿದನು. ಚಿತ್ರ ತೆಗೆಯುವ ಸ್ಥಳದಲ್ಲಿಯೇ ಕತ್ತಲೆಯ ಡೇರೆ ಹೂಡಿ ಫಲಕವನ್ನು ತೋಯಿಸುವ ಕಷ್ಟವು ಅದರಿಂದ ಕಾಲಕ್ರಮದಲ್ಲಿ ತಪ್ಪಿತು. 1888ರಲ್ಲಿ ಈಸ್ಟ್‌ಮನ್ನನ ಕೊಡಾಕ್ ಪೆಟ್ಟಿಗೆ ನೂರು ಚಿತ್ರಗಳ ಸುರುಳಿಯೊಡನೆ ಬಂದಿತು. 1925ರಲ್ಲಿ ಲೈಕಾ ಕೋಟಿನ ಜೇಬಿಗೆ ಇಳಿಯಿತು. 1975ರಲ್ಲಿ ಕೊಡಾಕ್ ಕಂಪೆನಿಯ ಸ್ಯಾಸನ್ ಎಂಬ ತರುಣನು ಫಿಲ್ಮಿಲ್ಲದ ಕ್ಯಾಮೆರಾ ಒಂದನ್ನು ಜೋಡಿಸಿದನು. ಹತ್ತು ಸಾವಿರ ಬಿಂದುಗಳ ಒಂದು ಚಿತ್ರವನ್ನು ಟೇಪಿನ ಮೇಲೆ ಬರೆಯಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ಇವೆಲ್ಲವೂ ಯುಕ್ತವಾದ ಹಾರೈಕೆಗಳ ಫಲ. ಏಕೆಂದರೆ ವಸ್ತುವಿನಿಂದ ಹೊರಟ ಬೆಳಕಿಗೂ ಅದನ್ನು ಹಿಡಿಯುವ ಫಲಕಕ್ಕೂ ನಡುವೆ ಇದ್ದ ಅಡ್ಡಿಗಳನ್ನು ಇವು ತೆಗೆದುಹಾಕಿದುವು. ಬೆಳಕು ತಾರದುದನ್ನು ಇವು ತಾವಾಗಿ ಸೇರಿಸಲಿಲ್ಲ.

ಇಲ್ಲಿಯೇ ವಿವೇಕದ ಗೆರೆ ಬೀಳಬೇಕಾದುದು. ಇಂದ್ರಿಯವೂ ಅರ್ಥವೂ ಕೂಡಿದಾಗ ಹುಟ್ಟುವ ಜ್ಞಾನವೇ ಪ್ರತ್ಯಕ್ಷವೆಂದು ನೈಯಾಯಿಕರು ಹೇಳುವರು. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ಅನುಮಾನ. ಎರಡೂ ಪ್ರಮಾಣಗಳೇ, ಆದರೆ ಒಂದನ್ನು ಇನ್ನೊಂದೆಂದು ಕರೆಯುವುದು ಪ್ರಮಾದ. ಛಾಯಾಚಿತ್ರಕ್ಕೆ ನ್ಯಾಯಸ್ಥಾನದಲ್ಲಿಯೂ ಪತ್ರಿಕೆಯಲ್ಲಿಯೂ ಮನೆಯ ಗೋಡೆಯ ಮೇಲೂ ಇದುವರೆಗೆ ದೊರೆತ ಗೌರವವು ಪ್ರತ್ಯಕ್ಷಕ್ಕೆ ಸಲ್ಲತಕ್ಕ ಗೌರವ: ಆ ವಸ್ತು ಅಲ್ಲಿತ್ತು, ಅದರ ಬೆಳಕು ಇಲ್ಲಿಗೆ ಬಂದಿತು ಎಂಬ ನಂಬಿಕೆ. ಆದ್ದರಿಂದ ಛಾಯಾಗ್ರಾಹಕರ ಹಾರೈಕೆಗಳನ್ನು ಎರಡು ರಾಶಿಯಾಗಿ ಮಾಡಬೇಕು: ಬೆಳಕನ್ನು ಇನ್ನೂ ಚೆನ್ನಾಗಿ ಗ್ರಹಿಸಬೇಕೆಂಬವು ಒಂದು ರಾಶಿ, ಬೆಳಕು ತಾರದುದನ್ನು ಯಂತ್ರವು ಊಹಿಸಿ ತುಂಬಬೇಕೆಂಬವು ಇನ್ನೊಂದು ರಾಶಿ.

ಮೊದಲನೆಯ ರಾಶಿಯಲ್ಲಿ ದೋಷವಿಲ್ಲ. ಆದರೆ ಅದು ಬಹುಮಟ್ಟಿಗೆ ಈಡೇರಿಹೋಗಿದೆ. 1999ರಲ್ಲಿ ಬಂದ ನಿಕಾನ್ ಡಿ1 ಯಂತ್ರದಲ್ಲಿ 27 ಲಕ್ಷ ಬಿಂದುಗಳಿದ್ದುವು. 2019ರಲ್ಲಿ ಬಂದ ಸೋನಿಯ ಒಂದು ಯಂತ್ರದಲ್ಲಿ 6 ಕೋಟಿ 10 ಲಕ್ಷ. ಇಂಚಿಗೆ 300 ಬಿಂದುಗಳಂತೆ 8 ಇಂಚು ಅಗಲ, 12 ಇಂಚು ಉದ್ದದ ಚಿತ್ರವನ್ನು ಮುದ್ರಿಸಲು ಬೇಕಾದುದು 90 ಲಕ್ಷಕ್ಕೂ ಕಡಮೆ. ಉಳಿದ 5 ಕೋಟಿಯನ್ನು ಎಲ್ಲಿ ಇಡುವರು? ಇದಲ್ಲದೆ ಬೆಳಕಿನದೇ ಒಂದು ಕಟ್ಟಳೆಯುಂಟು. ಕಿರಿದಾದ ಕಂಡಿಯಲ್ಲಿ ನುಗ್ಗಿದ ಬೆಳಕು ಒಂದೇ ಬಿಂದುವಿನಲ್ಲಿ ನಿಲ್ಲದೆ ಸುತ್ತ ಹರಡುವುದು. ಲೆನ್ಸಿನ ಕಂಡಿಯನ್ನು ಎಫ್ 16ರ ಮಟ್ಟಕ್ಕೆ ಕಿರಿದುಮಾಡಿದರೆ ಹಸುರು ಬೆಳಕಿನ ಚುಕ್ಕೆಯು ಸುಮಾರು 21 ಮೈಕ್ರಾನು, ಎಂದರೆ ಮಿಲಿಮೀಟರಿನ ಸಾವಿರದಲ್ಲಿ 21 ಪಾಲು, ಅಗಲವಾಗುವುದು. ಮೇಲೆ ಹೇಳಿದ 6 ಕೋಟಿಯ ಯಂತ್ರದಲ್ಲಿ ಒಂದು ಬಿಂದುವಿನ ಅಗಲವು 4 ಮೈಕ್ರಾನಿಗೂ ಕಡಮೆ. ಐದು ಬಿಂದುಗಳು ಸೇರಿ ಒಂದೇ ಚುಕ್ಕೆಯನ್ನು ಕಾಣುವಲ್ಲಿ ಬಿಂದುಗಳನ್ನು ಇನ್ನೂ ಸಣ್ಣದು ಮಾಡಿರೆಂಬ ಕೂಗು ನೀರನ್ನು ಹೆಚ್ಚಿಸುವುದಕ್ಕೆ ಕೊಡಗಳನ್ನು ಹೆಚ್ಚಿಸಿದಂತೆ. ಕತ್ತಲೆಯ ಮಾತೂ ಹಾಗೆಯೇ. ಬೆಳಕು ಕಣಕಣವಾಗಿ ಬೀಳತಕ್ಕದ್ದು. ಕಣಗಳು ವಿರಳವಾದಲ್ಲಿ ಅವು ಬೀಳುವ ಕ್ರಮದ ಏರುಪೇರೇ ಚಿತ್ರದಲ್ಲಿ ಮರಳಿನಂತೆ ಕಾಣುವುದು. ಅದು ಯಂತ್ರದ ಕೊರತೆಯಲ್ಲ, ಬೆಳಕಿನ ಸ್ವಭಾವ. ವೇಗಕ್ಕೂ ಇನ್ನೇನು ಬೇಕು? 2023ರಲ್ಲಿ ಸೋನಿ ಕಂಪೆನಿಯು ಪ್ರಕಟಿಸಿದ ಯಂತ್ರವೊಂದು ಸೆಕೆಂಡಿಗೆ 120 ಚಿತ್ರಗಳನ್ನು ತೆಗೆಯುವುದು. ಒಂದೇ ಸೆಕೆಂಡು ಬೆರಳೊತ್ತಿದರೂ 120 ಚಿತ್ರಗಳಾದುವು. ಅವುಗಳಲ್ಲಿ ಒಂದನ್ನು ಆರಿಸುವ ಕಣ್ಣನ್ನು ಯಾವ ಕಂಪೆನಿಯೂ ಮಾರುವುದಿಲ್ಲ.

ಗ್ರಹಣದ ಹಾರೈಕೆಗಳು ಹೀಗೆ ಎಲ್ಲೆಯನ್ನು ಮುಟ್ಟಿದುದರಿಂದಲೇ ಆಸೆಯು ಎರಡನೆಯ ರಾಶಿಯ ಕಡೆಗೆ ಹೊರಳಿದೆ. ಬೆಳಕು ತಾರದಿದ್ದರೇನು, ಯಂತ್ರವು ತಾನೇ ಬಲ್ಲದಲ್ಲ ಎಂಬ ಧೈರ್ಯವು ಹುಟ್ಟಿದೆ. 2023ರಲ್ಲಿ ಒಬ್ಬನು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕುಮಾಡಿ, ಗಣಕದ ಪರದೆಯ ಮೇಲಿಟ್ಟು, ಹೆಸರಾಂತ ಫೋನೊಂದರಿಂದ ಅದರ ಚಿತ್ರ ತೆಗೆದನು. ಪರದೆಯ ಮೇಲೆ ಇಲ್ಲದ ಕುಳಿಗಳೂ ಕಲೆಗಳೂ ಫೋನಿನ ಚಿತ್ರದಲ್ಲಿ ಸ್ಪಷ್ಟವಾಗಿ ಕಂಡುವು. ಯಂತ್ರವು ಚಂದ್ರನನ್ನು ನೋಡಿರಲಿಲ್ಲ, ಚಂದ್ರನನ್ನು ನೆನೆದಿತ್ತು. ಅದೇ ವರ್ಷ ಗೂಗಲ್ ಕಂಪೆನಿಯ ಪಿಕ್ಸೆಲ್ ಫೋನಿನಲ್ಲಿ ಇನ್ನೊಂದು ಚಮತ್ಕಾರವು ಬಂದಿತು. ಮನೆಮಂದಿಯನ್ನು ನಿಲ್ಲಿಸಿ ಒಂದಾದಮೇಲೊಂದು ಚಿತ್ರಗಳನ್ನು ತೆಗೆದರೆ, ಅಜ್ಜಿಯ ನಗುವನ್ನು ಒಂದರಿಂದಲೂ ಮೊಮ್ಮಗನ ತೆರೆದ ಕಣ್ಣನ್ನು ಇನ್ನೊಂದರಿಂದಲೂ ಎತ್ತಿ ಒಂದೇ ಚಿತ್ರವಾಗಿ ಹೊಲಿಯಬಹುದು. ಚಿತ್ರವೇನೋ ಸೊಗಸಾಗಿರುವುದು. ಆದರೆ ಅದರಲ್ಲಿ ಕಾಣುವ ಕ್ಷಣವು ಲೋಕದಲ್ಲಿ ಎಂದೂ ನಡೆಯಲಿಲ್ಲ. ಇಂಥ ಶಕ್ತಿಯನ್ನು ದೊಡ್ಡ ಕ್ಯಾಮೆರಾಗಳಿಗೂ ತರಬೇಕೆಂಬುದೇ ಇಂದು ಅನೇಕರ ಹಾರೈಕೆ.

ಇದರಿಂದಾಗುವ ಹಾನಿಯನ್ನು ತಿಳಿಯಬೇಕಾದರೆ ಹಂಪೆಗೆ ಹೋಗಬೇಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಅಲ್ಲಿಯ ಹಾಳು ಗುಡಿಗಳನ್ನು ಮೊಳದುದ್ದದ ಕಾಗದದ ನೆಗೆಟಿವುಗಳ ಮೇಲೆ ಹಿಡಿದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರವೂ ಅವುಗಳಲ್ಲಿ ಒಂದು. 2017ರಲ್ಲಿ ಹೊರಟ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ವಾಚಕರು ಆ ರಥವನ್ನು ಕಂಡೇ ಇರುವರು. ಅದರ ತಲೆಯ ಮೇಲೆ ಶಿಖರವಿಲ್ಲ. ಗ್ರೀನ್‌ಲಾನ ಚಿತ್ರದಲ್ಲಿಯಾದರೋ ರಥದ ಮೇಲೆ ಇಟ್ಟಿಗೆಯ ಶಿಖರವು ನಿಂತಿದೆ. ಮುಂದೆ ಅದನ್ನು ತೆಗೆದುಬಿಟ್ಟರು. ಅದು ಹೇಗಿತ್ತೆಂಬುದಕ್ಕೆ ಇಂದು ಆ ಮಾಸಿದ ಕಾಗದವು ಕಣ್ಣಾರೆ ಕಂಡ ಸಾಕ್ಷಿ. ಆ ಕ್ಯಾಮೆರಾದಲ್ಲಿ ಒಂದು ಮೆಗಾಪಿಕ್ಸೆಲ್ಲೂ ಇರಲಿಲ್ಲ. ಫೋಕಸ್ ತಾನಾಗಿ ಹಿಡಿಯುತ್ತಿರಲಿಲ್ಲ. ಆದರೂ ಅದು ಎದುರಿಗಿದ್ದುದನ್ನು ಇದ್ದಂತೆ ಕೊಟ್ಟಿತು.

ಇಂದಿನ ಊಹೆಯ ಯಂತ್ರವು ಆ ದಿನ ಅಲ್ಲಿ ನಿಂತಿದ್ದರೆ ಏನಾಗಬಹುದಿತ್ತು? ಅದು ಕಲಿತಿರುವುದು ಶಿಖರವಿಲ್ಲದ ರಥದ ಲಕ್ಷಾಂತರ ಚಿತ್ರಗಳಿಂದ. ಮಸುಕಾಗಿ ಕಂಡ ಇಟ್ಟಿಗೆಯ ರಾಶಿಯನ್ನು ಅದು ಕಲೆಯೆಂದು ಬಗೆದು ಒರೆಸಿ, ಆಕಾಶದ ನೀಲಿಯನ್ನು ಬಳಿಯುವ ಸಂಭವವುಂಟು. ಊಹೆಯು ಯಾವಾಗಲೂ ಬಲ್ಲದುದನ್ನೇ ಮರಳಿ ಹೇಳುವುದು; ಯಾರೂ ಎದುರುನೋಡದುದನ್ನು ಹೇಳುವುದು ಸಾಕ್ಷಿಯ ಕೆಲಸ. ಎದುರುನೋಡದುದನ್ನು ಹೇಳಲಾರದ ಸಾಕ್ಷಿಯಿಂದ ಚರಿತ್ರೆಗೂ ನ್ಯಾಯಕ್ಕೂ ಪ್ರಯೋಜನವೇನು?

ಇದಕ್ಕೆ ಮೂರು ಆಕ್ಷೇಪಗಳು ಬರುವುದುಂಟು. ಕತ್ತಲೆಕೋಣೆಯ ಕಾಲದಿಂದಲೂ ಚಿತ್ರಗಳನ್ನು ತಿದ್ದುತ್ತಲೇ ಇದ್ದರಲ್ಲವೆ ಎಂಬುದು ಮೊದಲನೆಯದು. ಇದ್ದರು, ನಿಜ. 1857ರಲ್ಲಿ ರೇಲಾಂಡರನು ಮೂವತ್ತಕ್ಕೂ ಹೆಚ್ಚು ನೆಗೆಟಿವುಗಳನ್ನು ಕೂಡಿಸಿ ಒಂದೇ ಚಿತ್ರವನ್ನು ಕಟ್ಟಿದನು. ಆದರೆ ಅಲ್ಲಿ ಕಟ್ಟಿದವನು ಮನುಷ್ಯ. ಕಟ್ಟಿದೆನೆಂದು ಅವನು ಬಲ್ಲನು. ಕಟ್ಟುವುದಕ್ಕೆ ಮೊದಲಿನ ನೆಗೆಟಿವುಗಳು ಬೇರೆಯಾಗಿದ್ದುವು. ಈಗ ತಿದ್ದುವುದು ಯಂತ್ರ. ತಿದ್ದಿದುದು ತೆಗೆದವನಿಗೇ ತಿಳಿಯದು. ತಿದ್ದದ ಮೂಲವು ಎಷ್ಟೋ ವೇಳೆ ಉಳಿಯುವುದೇ ಇಲ್ಲ. ಚಿತ್ರಕಾರನಿಗೆ ಕಲ್ಪನೆಯ ಸ್ವಾತಂತ್ರ್ಯವುಂಟು, ಏಕೆಂದರೆ ಅವನನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ಸಾಕ್ಷಿಯ ಪೀಠದಲ್ಲಿ ನಿಂತು ಕವಿಯ ಹಕ್ಕನ್ನು ಕೇಳುವುದು ಸಲ್ಲದು. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಎಂಬವನು ಲೋಕಪ್ರಸಿದ್ಧವಾದ ಛಾಯಾಚಿತ್ರ ಸ್ಪರ್ಧೆಯೊಂದರಲ್ಲಿ ಬಹುಮಾನಕ್ಕೆ ಆಯ್ಕೆಯಾಗಿಯೂ, ತನ್ನ ಚಿತ್ರವು ಯಂತ್ರಕಲ್ಪಿತವೆಂದು ತಾನೇ ಹೇಳಿ ಅದನ್ನು ನಿರಾಕರಿಸಿದನು. ಭೇದವನ್ನು ತೀರ್ಪುಗಾರರು ಕಾಣಲಿಲ್ಲ, ಕಲ್ಪಿಸಿದವನೇ ಕಾಣಿಸಿಕೊಟ್ಟನು.

ಯಂತ್ರವೇ ಚಿತ್ರಕ್ಕೆ ಮೊಹರು ಹಾಕಿ ಸತ್ಯವೆಂದು ಸಾರುವ ವ್ಯವಸ್ಥೆ ಬಂದಿದೆಯಲ್ಲ ಎಂಬುದು ಎರಡನೆಯ ಆಕ್ಷೇಪ. 2023ರ ಲೈಕಾ ಯಂತ್ರವೊಂದು ಅಂಥ ಗುಪ್ತಮುದ್ರೆಯೊಡನೆ ಬಂದುದೂ ಇತರರು ಅದನ್ನು ಅನುಸರಿಸಿದುದೂ ದಿಟ. ಅದು ಸ್ವಾಗತಾರ್ಹವೂ ಹೌದು. ಆದರೆ 2025ರಲ್ಲಿ ನಿಕಾನ್ ಯಂತ್ರವೊಂದರಲ್ಲಿ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಸೌಕರ್ಯದ ಮೂಲಕ ಮುದ್ರೆಯಿಲ್ಲದ ಚಿತ್ರಕ್ಕೂ ಮುದ್ರೆಯನ್ನು ಪಡೆಯಬಹುದೆಂದು ಒಬ್ಬನು ತೋರಿಸಿಕೊಟ್ಟನು; ಕಂಪೆನಿಯು ತಾನಿತ್ತ ಪ್ರಮಾಣಪತ್ರಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಮೊಹರು ಹಾದಿಯನ್ನು ಕಾಯಬಲ್ಲುದು, ಹೊರಟವನ ಮನಸ್ಸನ್ನು ಕಾಯಲಾರದು. ಒಂದು ಕೈಯಿಂದ ಊಹೆಯನ್ನು ಬೇಡುತ್ತ ಇನ್ನೊಂದು ಕೈಯಿಂದ ಮೊಹರನ್ನು ಬೇಡುವವನಿಗೆ ಎರಡೂ ದೊರೆತರೆ, ಊಹೆಯ ಮೇಲೆಯೇ ಮೊಹರು ಬಿದ್ದೀತು.

ಕಂಪೆನಿಗಳು ತಮಗೆ ತೋರಿದುದನ್ನು ಮಾಡುವುವು, ಕೊಳ್ಳುವವರ ಮಾತನ್ನು ಕೇಳುವರಾರು ಎಂಬುದು ಮೂರನೆಯ ಆಕ್ಷೇಪ. ಇದು ಹಿಂದೆ ನಿಜವಾಗಿದ್ದಿರಬಹುದು. 2010ರಲ್ಲಿ ಜಪಾನಿನ ಕ್ಯಾಮೆರಾ ಕಂಪೆನಿಗಳು ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳನ್ನು ಮಾರುಕಟ್ಟೆಗೆ ಕಳುಹಿದುವು. 2023ರಲ್ಲಿ 80 ಲಕ್ಷಕ್ಕೂ ಕಡಮೆ. ಚಿತ್ರ ಬೇಕಾದ ಜನಸಾಮಾನ್ಯರೆಲ್ಲರೂ ಫೋನಿಗೆ ಹೋದರು. ಕ್ಯಾಮೆರಾ ಬೇಕಾದವರು ಮಾತ್ರ ಉಳಿದರು. ಗಿರಾಕಿಗಳು ವಿರಳವಾದ ಅಂಗಡಿಯಲ್ಲಿ ಒಬ್ಬೊಬ್ಬನ ಮಾತಿಗೂ ಬೆಲೆಯುಂಟು. ಆದುದರಿಂದಲೇ ಈ ಹೊತ್ತಿನ ಹಾರೈಕೆಯು ಬರಿಯ ಹರಟೆಯಲ್ಲ. ನಾಳಿನ ಯಂತ್ರವು ಯಾವ ಜಾತಿಯದಾಗಬೇಕೆಂಬುದರ ತೀರ್ಪು ಅದರಲ್ಲಿದೆ.

ಹಾಗಾದರೆ ಛಾಯಾಗ್ರಾಹಕರು ಏನನ್ನು ಹಾರೈಸಬೇಕು? ಸೆನ್ಸರಿನ ಮೇಲೆ ಬಿದ್ದ ಬೆಳಕಿನ ಲೆಕ್ಕವನ್ನು ಯಂತ್ರವು ಮೊದಲು ಇದ್ದಂತೆಯೇ ಬರೆದಿಡಬೇಕು. ತಿದ್ದಿದ ಪ್ರತಿಯು ಬೇರೆಯಾಗಿರಬೇಕು. ಯಂತ್ರವು ತಾನಾಗಿ ಏನನ್ನಾದರೂ ಸೇರಿಸಿದರೆ ಅದನ್ನು ಚಿತ್ರದೊಡನೆಯೇ ದಾಖಲಿಸಬೇಕು. ಬೇಡವೆಂದವನಿಗೆ ಆ ಶಕ್ತಿಯನ್ನು ಪೂರ್ತಿಯಾಗಿ ಮುಚ್ಚುವ ಗುಂಡಿಯಿರಬೇಕು. ಆ ಮೂಲದ ಬರಹವು ಒಂದು ಕಂಪೆನಿಯ ಗುಟ್ಟಿನ ಲಿಪಿಯಲ್ಲಿರದೆ, ಕಂಪೆನಿಯು ಅಳಿದ ಮೇಲೂ ಓದಲು ಬರುವಂತಿರಬೇಕು. 2004ರಲ್ಲಿಯೇ ಅಡೋಬಿ ಸಂಸ್ಥೆಯು ಅಂಥ ಬಹಿರಂಗ ಕ್ರಮವೊಂದನ್ನು ಪ್ರಕಟಿಸಿದ್ದರೂ ಹಲವು ದೊಡ್ಡ ಕಂಪೆನಿಗಳು ಇಂದಿಗೂ ತಮ್ಮ ಗುಟ್ಟಿನ ಲಿಪಿಯನ್ನು ಬಿಟ್ಟಿಲ್ಲ. ಕೊನೆಯದಾಗಿ, ಕೆಟ್ಟ ಯಂತ್ರವನ್ನು ಊರಿನ ರಿಪೇರಿಯವನೇ ಬಿಚ್ಚಿ ಸರಿಪಡಿಸುವಂತಿರಬೇಕು, ಬಿಡಿಭಾಗಗಳು ದೊರೆಯಬೇಕು. 1982ರ ನಿಕಾನ್ ಎಫ್‌ಎಂ2 ಕ್ಯಾಮೆರಾ ಬ್ಯಾಟರಿಯಿಲ್ಲದೆಯೇ ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಪಾಲಿನವರೆಗೂ ಷಟರನ್ನು ತೆರೆದು ಮುಚ್ಚುವುದು. ನಾಲ್ವತ್ತು ವರ್ಷ ಕಳೆದರೂ ಅದನ್ನು ಹಿಡಿದು ತಿರುಗುವವರುಂಟು. ಬಾಳಿಕೆಯನ್ನು ಬೇಡದೆ ಹೊಸತನವನ್ನೇ ಬೇಡುವವನು ತನ್ನ ಕೈಯಲ್ಲಿರುವುದನ್ನು ಬೇಗನೆ ಕಸಮಾಡಿರೆಂದು ತಾನೇ ಅರ್ಜಿ ಬರೆದುಕೊಟ್ಟಂತೆ.

ಇದು ಛಾಯಾಗ್ರಾಹಕರಿಗೆ ಮಾತ್ರ ಸಂಬಂಧಿಸಿದ ಮಾತೆಂದು ಗೃಹಸ್ಥರು ಉದಾಸೀನರಾಗಕೂಡದು. ಅನೇಕ ಮನೆಗಳ ನಡುಮನೆಯಲ್ಲಿ ಹಿರಿಯರ ಗುಂಪುಚಿತ್ರವೊಂದು ತೂಗಿರುವುದು. ಒಬ್ಬರು ಕಣ್ಣು ಮುಚ್ಚಿರುವರು, ಒಂದು ಮಗು ಅಲುಗಿ ಮಸುಕಾಗಿರುವುದು, ಅಜ್ಜಿ ನಕ್ಕಿಲ್ಲ. ಆದರೂ ಅದನ್ನು ಒರೆಸಿ ಪೂಜಿಸುವರು. ಆ ದಿನ ಅವರೆಲ್ಲರೂ ಹಾಗೆಯೇ ಅಲ್ಲಿ ಇದ್ದರೆಂಬುದೇ ಅದರ ಬೆಲೆ. ಇನ್ನು ಎಂಬತ್ತು ವರ್ಷಗಳ ಮೇಲೆ ಇಂದಿನ ಚಿತ್ರವನ್ನು ನೋಡುವ ಮರಿಮಗಳು, ಈ ನಗು ಮುತ್ತಜ್ಜಿಯದೋ ಯಂತ್ರದ್ದೋ ಎಂದು ಕೇಳಿದರೆ ಉತ್ತರ ಕೊಡುವವರು ಯಾರೂ ಇರಲಾರರು. ಅವಳಿಗೆ ಉತ್ತರವು ಚಿತ್ರದಲ್ಲಿಯೇ ದೊರೆಯುವಂಥ ಯಂತ್ರವನ್ನು ಇಂದಿನವರು ಬೇಡಲಿ. ಅದಕ್ಕಿಂತ ಹೆಚ್ಚಿನ ಸೌಕರ್ಯವನ್ನು ಯಾವ ಹೊಸ ಕ್ಯಾಮೆರಾವೂ ಕೊಡಲಾರದು.